ಬೆಂಚಿನ ಮೇಲಿನವರಿಗೆ ನೀರು

ಅಜ್ಜಿಯ ಹಿತ್ತಾಳೆ ಚೊಂಬು ಈಗ ನನ್ನ ಮನೆಯಲ್ಲಿದೆ; ತುಂಬಿಸುವಾಗಲೆಲ್ಲ ಯಲಹಂಕದ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ಹೆಜ್ಜೆ ಏಳುತ್ತಿರಲಿಲ್ಲ. ಹಿತ್ತಲ ಕಕ್ಕಸಿಗೆ ಅವರನ್ನು ದಿನಕ್ಕೆ ಹತ್ತಾರು ಸಲ ನಡೆಸಿ, ಒದ್ದೆ ಪಂಚೆ ಒಗೆದೊಗೆದು ಅಜ್ಜಿ ಸೋತಿದ್ದರು. ಅದಕ್ಕೇ ತಾತ ನೀರು ಕೇಳಿದಾಗಲೆಲ್ಲ ಅರ್ಧ ಲೋಟವನ್ನಷ್ಟೇ ಕೊಡುತ್ತಿದ್ದರು.

ಅಂದು ತಾತ ಜ್ವರದಲ್ಲಿ ಮಲಗಿದ್ದವರು ಎದುರು ಗೋಡೆಯ ಪಕ್ಕದ ಖಾಲಿ ಬೆಂಚಿನತ್ತ ಕೈ ತೋರಿಸಿದರು. "ಬಿಸಿಲಲ್ಲಿ ಬಂದಿದ್ದಾರೆ ಕಣೇ, ಅವರಿಗೆ ನೀರು, ಬೆಲ್ಲ ಕೊಡು."

ಅಲ್ಲಿ ಯಾರೂ ಇರಲಿಲ್ಲ. ವಾದಿಸಲು ತ್ರಾಣವಿಲ್ಲದೆ ಅಜ್ಜಿ ಬೆಂಚಿನ ಮೇಲೆ ತುಂಬಿದ ಚೊಂಬು, ಒಂದು ತುಂಡು ಬೆಲ್ಲ ಇಟ್ಟರು.

ಸಂಜೆ ಮನೆಗೆ ಬಂದ ಡಾಕ್ಟರು, "ಯೂರಿನ್ ಇನ್ಫೆಕ್ಷನ್ ಆಗಿದೆ ಅಮ್ಮ. ಈ ಕಾಯಿಲೆಯವರಿಗೆ ಅದಾದ್ರೆ ಹಿಂಗೆ ಇಲ್ಲದವರೆಲ್ಲ ಕಾಣಿಸ್ತಾರೆ. ಮಾತ್ರೆ ಬರ್ಕೊಡ್ತೀನಿ. ನೀರು ಎಷ್ಟು ಕುಡೀತಾರೆ?" ಎಂದರು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು.

ಡಾಕ್ಟರು ಹೋದ ಮೇಲೆ ಬೆಂಚಿನ ಮೇಲಿದ್ದ ಚೊಂಬನ್ನು ಎತ್ತಿ ತಂದು, "ಕುಡೀರಿ, ಪೂರ್ತಿ ಕುಡೀರಿ," ಎನ್ನುತ್ತ ತಾತನ ತುಟಿಗೆ ಹಿಡಿದರು.

ತಾತ ಮುಖ ತಿರುಗಿಸಿದರು. "ಮೊದಲು ಅವರು ಕುಡೀಲಿ. ನನಗೆ ಅರ್ಧ ಲೋಟ ಸಾಕು."