ಕಿರುಗುಟ್ಟುವ ಬಾಗಿಲು

ಗಾಜಿನ ಆಚೆ ಕುಳಿತಿದ್ದ ನರ್ಸ್ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಬಾಯ್ತುಂಬ ಆಕಳಿಸಿದಳು. ಈಚೆಯ ಕತ್ತಲಲ್ಲಿ ಡಿಸೈನರ್ ನಿಂತು ನೋಡುತ್ತಿದ್ದಳು. ಹೆದರಿಸಲೆಂದೇ ಅವಳು ಮಾಡಿದ ವಿಡಿಯೋ ಗೇಮಿಗೆ ಆಕಳಿಕೆಗಿಂತ ದೊಡ್ಡ ಅವಮಾನ ಬೇರೆ ಬೇಕೇ?

ಬೆಳಗಿನಿಂದ ಆಡಿನೋಡಲು ಬಂದವರೆಲ್ಲ ‘ನೆಲಮಾಳಿಗೆ’ ಎಂಬ ಆ ಆಟದ ಅಂಗಳದಲ್ಲೇ ನಾಲ್ಕು ಸುತ್ತು ಹಾಕಿ, ಮನೆಯ ಬಾಗಿಲು ತೆರೆಯುವ ತಾಳ್ಮೆಯೂ ಇಲ್ಲದೆ, ಮರ್ಯಾದೆಗೊಂದು ‘ಚೆನ್ನಾಗಿದೆ’ ಹೇಳಿ ಎದ್ದು ಹೋಗಿದ್ದರು. ಇವಳೇ ಕೊನೆಯವಳು. ಇವಳೂ ಎದ್ದರೆ ಡಿಸೈನರಳ ಮೂರು ವರ್ಷದ ಕೆಲಸ ಇವತ್ತೇ ಮೂಲೆ ಸೇರುತ್ತದೆ. ನಾಳೆಯಿಂದ ಅವಳು ಕಂಪನಿಯ ಹಳೇ ಸರಣಿ ‘ಏಳು ಬೀಗ’ದ ಆರನೇ ಭಾಗಕ್ಕೆ ಕೂರಬೇಕು.

“ಭಯದ ಆಟ ಆಡೋರೆಲ್ಲ ಇದನ್ನ ಆಡ್ತಾರೆ ಅಂದಿದ್ರಿ,” ಎಂದ ಪಕ್ಕದಲ್ಲಿದ್ದ ಮಾಲೀಕ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

“ಇವ್ರಿಗೆ ಭಯದ ಆಟ ಅಂದ್ರೆ ಪ್ರಾಣವಂತೆ ಸಾರ್. ಬರುವಾಗ್ಲೇ ಹೇಳಿದ್ರು.”

“ಊಟ ಅಂದ್ರೆ ಪ್ರಾಣ ಅನ್ನೋರೆಲ್ಲ ನಿಮ್ಮನೆಗೇ ಉಣ್ಣೋಕೆ ಬರ್ತಾರೇನಮ್ಮ?”

ಅಷ್ಟರಲ್ಲಿ ನರ್ಸ್ ಗಡಿಯಾರ ನೋಡಿ, ಬಂದ ತಪ್ಪಿಗೆ ಎಂಬಂತೆ ಮತ್ತೆ ಕಂಟ್ರೋಲರ್ ಎತ್ತಿಕೊಂಡು ಮೊದಲನೇ ಮನೆಯ ಬಾಗಿಲನ್ನು ತಳ್ಳಿದಳು. ಬಾಗಿಲು ಕಿರ್ರೆಂದು ಉದ್ದಕ್ಕೆ ಎಳೆದು, ಕೊನೆಗೊಮ್ಮೆ ಬಿಕ್ಕಳಿಸಿತು. ಅವಳು ನೆಟ್ಟಗೆ ಕುಳಿತಳು. “ಓಹೋ, ನೀನಾ?” ಎಂದು ಬಾಗಿಲನ್ನೇ ಮಾತಾಡಿಸಿ, ಚಪ್ಪಲಿ ಕಳಚಿ, ಕಾಲೆರಡನ್ನೂ ಸೋಫಾದ ಮೇಲೆ ಎಳೆದುಕೊಂಡಳು. ಆಮೇಲೆ ಗಡಿಯಾರದ ಕಡೆ ತಿರುಗಲಿಲ್ಲ. ಮಾಳಿಗೆಯ ಮೆಟ್ಟಿಲಿನಲ್ಲಿ ಕಿರುಚಿದಳು, ಕಿರುಚಿದ್ದಕ್ಕೆ ತಾನೇ ನಕ್ಕಳು, ಆ ಮನೆಯನ್ನು ಪೂರ್ತಿ ಮುಗಿಸಿದಳು.

ಬಾಗಿಲು ಕಿರುಗುಟ್ಟಿದ ಸದ್ದಿನ ಗುರುತು ಡಿಸೈನರ್‌ಗೆ ಹತ್ತಿತ್ತು. ಅದು ‘ನೆಲಮಾಳಿಗೆ’ಯ ಸದ್ದಲ್ಲ, ‘ಏಳು ಬೀಗ’ದ ಸದ್ದು. ಹೊಸ ಸದ್ದು ಸಿದ್ಧವಾಗುವ ತನಕ ಇರಲಿ ಎಂದು ತಾನೇ ಎರವಲು ತಂದು ಕೂರಿಸಿದ್ದಳು. ಮೊದಲ ಮನೆಯಿಂದ ಅದನ್ನು ತೆಗೆಯಲು ಮರೆತಿದ್ದಳು.

“ಇದು ನಮ್ಮ ಬಾಗಿಲಲ್ವಾ?” ಮಾಲೀಕನೂ ಗುರುತು ಹಿಡಿದಿದ್ದ. “ಒಳ್ಳೇದೇ ಆಯ್ತು ಬಿಡಿ. ಆಟ ಪಾಸು. ಹೆಸರೊಂದು ಬದಲಾಯ್ಸಿ. ‘ಏಳು ಬೀಗ’, ಆರನೇ ಭಾಗ.”

“ಒಂದು ಸದ್ದಿಗಾ? ಎರಡನೇ ಮನೇಲಿ ನನ್ನ ಬಾಗಿಲಿದೆ. ಅದನ್ನೂ ಅವ್ರು ತೆರೆದು ನೋಡ್ಲಿ, ಆಮೇಲೆ ಹೇಳಿ.”

ಮಾಲೀಕ ಗಾಜಿನ ಆಚೆ ಕೈತೋರಿಸಿದ. “ಸರಿ. ಅವ್ರು ಹೊಸ್ತಿಲು ದಾಟಿದ್ರೆ ಆಟ ನೀವಿಟ್ಟ ಹೆಸರಲ್ಲೇ ಬರುತ್ತೆ. ಎದ್ದು ಹೋದ್ರೆ ‘ಏಳು ಬೀಗ’ವೇ, ಮತ್ತೆ ಮಾತಿಲ್ಲ.”

ನನ್ನ ಬಾಗಿಲು ಎಂದು ಅವಳು ಸುಮ್ಮನೆ ಹೇಳಿರಲಿಲ್ಲ. ಅದು ಅವಳ ತಾಯಿಯ ಕೋಣೆಯ ಬಾಗಿಲು. ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮ, ಒಳಗೆ ಮಲಗಿದ ಮಕ್ಕಳಿಗೆ ಎಚ್ಚರವಾಗದಿರಲೆಂದು ಅದನ್ನು ಇಷ್ಟಿಷ್ಟೇ ತೆರೆಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಮಗಳು ಮೈಕ್ ಹಿಡಿದು ಕುಳಿತು, ಅದೇ ನಿಧಾನದಲ್ಲಿ ತೆರೆದು ಆ ಸದ್ದನ್ನು ಹಿಡಿದಿದ್ದಳು. ಇಡೀ ಆಟದಲ್ಲಿ ಅವಳಿಗೆ ಅದಕ್ಕಿಂತ ಪ್ರೀತಿಯದು ಇನ್ನೊಂದಿರಲಿಲ್ಲ.

ಅವಳು ಆಚೆ ಕೋಣೆಗೆ ಹೋಗಿ, ಇನ್ನೊಂದು ಮನೆ ಆಡುತ್ತೀರಾ ಎಂದು ಕೇಳಿದಳು.

“ಅದಕ್ಕೇನಂತೆ,” ಎಂದಳು ನರ್ಸ್. “‘ಏಳು ಬೀಗ’ದ ಹೊಸ ಭಾಗ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ನೆ ಅಂಗಳ ಸುತ್ತಿಸಿದ್ರಿ.”

“ಅದೇ ಯಾಕೆ ಬೇಕು ನಿಮಗೆ? ಭಯ ಅಂದ್ರೆ ಭಯ ತಾನೇ?”

“ಎಲ್ಲಾ ಭಯಾನೂ ಒಂದೇನಾ? ವಾರ್ಡಲ್ಲಿ ಒಂದೊಂದು ಪರದೆ ಸರಿಸುವಾಗ್ಲೂ ಆಚೆ ಇರೋರು ಹೇಗಿದ್ದಾರೋ ಅಂತ ಎದೆ ಹೊಡ್ಕೊಳ್ಳುತ್ತೆ. ಮನೆಗೆ ಬಂದ್ಮೇಲೂ ಹೊಸಬರಿಗೆ ಯಾಕೆ ಹೆದರ್ಲಿ? ಹೆದರೋದಾದ್ರೆ ಗೊತ್ತಿರೋರಿಗೆ ಹೆದರ್ತೀನಿ.”

ಟಿವಿ ಪರದೆಯ ಮೇಲೆ ಎರಡನೇ ಮನೆ ಬಂತು. ಡಿಸೈನರ್ ಸೋಫಾದ ಹಿಂದೆ ನಿಂತಳು. ಎದುರಿನ ಗೋಡೆಯ ಗಾಜು ಈ ಕಡೆಯಿಂದ ಕನ್ನಡಿ. ಮಾಲೀಕ ಕಾಣುತ್ತಿರಲಿಲ್ಲ, ತನ್ನ ಬಿಳಿಚಿದ ಮುಖವೇ ಕಾಣುತ್ತಿತ್ತು. ನರ್ಸ್ ಉತ್ಸಾಹದಿಂದಲೇ ಮೆಟ್ಟಿಲು ಹತ್ತಿ ಬಾಗಿಲ ಮೇಲೆ ಕೈಯಿಟ್ಟಳು. ಮೊದಲು ಸದ್ದೇ ಇಲ್ಲ. ಆಮೇಲೆ ಮರದೊಳಗಿಂದ ಮೆಲ್ಲನೆಯ ಒಂದು ನರಳಿಕೆ, ನಿಂತು, ಮತ್ತೆ ಇನ್ನಷ್ಟು. ದಾಟು, ದಾಟಿಬಿಡು ಎಂದು ಡಿಸೈನರ್ ಮನಸ್ಸಿನಲ್ಲೇ ಅಂಗಲಾಚಿದಳು.

ನರ್ಸ್ ಹೊಸ್ತಿಲಲ್ಲೇ ನಿಂತಳು. ಒಳಗಿನ ಕತ್ತಲನ್ನು ಒಂದು ಗಳಿಗೆ ನೋಡಿದಳು. ಬಳಿಕ ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು ಮುಚ್ಚಿ, ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಕಾಲಿನಲ್ಲೇ ಚಪ್ಪಲಿ ಹುಡುಕತೊಡಗಿದಳು.

“ಯಾಕೆ? ಏನಾಯ್ತು?”

“ಇದು ಯಾರೋ ಬೇರೆಯವರ ಮನೆ ಕಣ್ರೀ,” ಎಂದಳು ನರ್ಸ್, ದನಿ ತಗ್ಗಿಸಿ. “ಒಳಗೆ ಮಕ್ಕಳು ಮಲಗಿರೋ ಹಾಗಿದೆ.”