ಜಿಪುಣನ ಹೆಂಡತಿ

ಸಂಜೆಯ ಆಟಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ಗಿರಿಜವ್ವನಿಗೆ ಸುದ್ದಿ ತಿಳಿಯಿತು. ಇಪ್ಪತ್ತೆರಡು ವರ್ಷಗಳಿಂದ ತಾನು ಮಾಡುತ್ತಿದ್ದ ಜಿಪುಣನ ಹೆಂಡತಿಯ ಪಾತ್ರ ನಾಳೆಯಿಂದ ಹೊಸ ನಟಿಯದು. ತನಗೆ ಅತ್ತೆಯ ಪಾತ್ರ. ಹಾಗೆಂದು ತೀರ್ಮಾನಿಸಿದವನು ನಾಟಕ ಕಂಪನಿಯ ಮಾಲೀಕ. ರಂಗದ ಮೇಲೆ ಅವನೇ ಜಿಪುಣ, ಮನೆಯಲ್ಲಿ ಅವಳ ಗಂಡ.

"ಮೊದಲ ನನ್ನ ಒಂದ ಮಾತ ಕೇಳಬಾರದಿತ್ತ?" ಎಂದು ಅವಳು ಸಿಡಿದಳು.

"ಕೇಳಿದ್ರ ನೀ ಹೂಂ ಅಂತಿದ್ದಿಯೇನು? ಜನಕ್ಕ ಹೊಸ ಮುಖ ಬೇಕ," ಎಂದು ಅವನು ಮೀಸೆ ಅಂಟಿಸಿಕೊಂಡ.

ಎರಡನೆಯ ಅಂಕದಲ್ಲಿ ಹೆಂಡತಿ ಜಿಪುಣನನ್ನು ಬೈಯುವ ದೃಶ್ಯ ಬಂತು. ಸಿಟ್ಟು ನೆತ್ತಿಗೇರಿದ್ದ ಗಿರಿಜವ್ವ ಪುಸ್ತಕದ ಮಾತನ್ನು ಬದಿಗೊತ್ತಿದಳು.

"ಏನ್ರೀ ಧಣೇರ, ನನ್ನ ಮುಖ ತೋರಿಸಿ ಊರೂರು ಡೇರೆ ತುಂಬಿಸಿದ್ರಿ. ಈಗ ನನ್ನ ಮುಖ ಹಳೇದಾತು. ನಿಮ್ಮ ಮುಖಕ್ಕೇನು ವರ್ಷ ವರ್ಷಾ ಕಲಾಯಿ ಹಾಕಸ್ತೀರೇನು?"

ಡೇರೆ ಹಾರಿಹೋಗುವಂತೆ ಜನ ನಕ್ಕರು. "ಒನ್ಸ್ ಮೋರ್! ಒನ್ಸ್ ಮೋರ್!"

ಜನ ಹೀಗೆ ಕೂಗಿದರೆ ದೃಶ್ಯವನ್ನು ಮತ್ತೆ ಆಡುವುದು ಕಂಪನಿಯ ವಾಡಿಕೆ. ಆದರೂ ಮಾಲೀಕನಾದವನು ಬೇಡವೆಂದು ಕೈಯಾಡಿಸಬಹುದಿತ್ತು. ಅವನು ತಲೆತಗ್ಗಿಸಿ ಅವಳೆದುರು ನಿಂತ. ಅಂತೂ ನಾಚಿಕೆಯಾಯಿತಲ್ಲ ಎಂದುಕೊಂಡ ಗಿರಿಜವ್ವ, ಒಂದೊಂದು ಮಾತೂ ಮುಖಕ್ಕೆ ರಾಚುವಂತೆ ಈ ಸಲ ನಿಧಾನವಾಗಿ ಹೇಳಿದಳು.

ಚಪ್ಪಾಳೆಯ ನಡುವೆ ಅವನು ಪಕ್ಕದ ಪರದೆಯತ್ತ ಹೊರಳಿ, ಅದರ ಮರೆಯಲ್ಲಿ ಕುಳಿತಿದ್ದ ಹೊಸ ನಟಿಯನ್ನು ಕೇಳಿದ: "ಪೂರಾ ಬರಕೊಂಡಿಯೇನು? ನಾಳೆ ನೀ ಹಿಂಗ ಬೈಬೇಕ ನೋಡು."