ಮೋತಿಬಿಂದು ಹಣ್ಣಾಗಲಿ

ಹುಲ್ಲಿನಲ್ಲಿ ಹಣ್ಣಿಗಿಟ್ಟ ಮಾವಿನ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ.

ತುಕ್ಕಾನಟ್ಟಿಯ ಮನೆಯಲ್ಲಿ ಆ ಮಧ್ಯಾಹ್ನ ಕಾಕಾ ಮಾವಿನಕಾಯಿ ಹೊರಳಿಸುತ್ತಿದ್ದ. ನಮ್ಮಜ್ಜಿ ಆಯಿಯ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು ವರ್ಷಗಳಾಗಿದ್ದವು. ಆಪರೇಶನ್ ಯಾವಾಗ ಎಂದು ಕೇಳಿದರೆ ಕಾಕಾನದು ಒಂದೇ ಮಾತು: “ಇನ್ನೂ ಹಣ್ಣಾಗ್ಲಿ.”

“ಕಣ್ಣೇನ ಮಾವಿನಕಾಯೇನ ಕಾಕಾ?”

“ಸಾಲ್ಯಾಗಿನ ಚರ್ಚಾಸ್ಪರ್ಧಾ ಅಲ್ಲಿದು. ಸುಮ್ನ ಕುಂದರು.”

ಪೊರೆ ಎಷ್ಟೇ ಬಲಿತರೂ ಬೆಳಕು ಗೊತ್ತಾಗಲೇಬೇಕು, ಅದೂ ಗೊತ್ತಾಗದಿದ್ದರೆ ಆಪರೇಶನ್ ಮಾಡಿದರೂ ಕಣ್ಣು ಬರುವುದಿಲ್ಲ ಎಂದು ನರ್ಸಬಾಯಿ ಹೇಳಿದ್ದಳು. ಈಗಲೇ ಮಾಡಿಸಬಹುದೆಂದು ತೋರಿಸಲು ನಾನು ಬ್ಯಾಟರಿ ಹಚ್ಚಿ ಆಯಿಯ ಕಣ್ಣೆದುರು ಹಿಡಿದೆ.

“ಆಯಿ, ಬೆಳಕು ಯಾವ ಕಡೆ ಐತಿ?”

ಆಯಿ ನಕ್ಕಳು. “ಮೊದಲ ಬ್ಯಾಟರಿ ಹಚ್ಚು ಹುಡುಗಿ, ಆಮ್ಯಾಲೆ ಕೇಳು.”

ಕಾಕಾ ಬ್ಯಾಟರಿಯನ್ನು ಕಸಿದುಕೊಂಡು ತನ್ನ ಕಣ್ಣಿಗೇ ಹಿಡಿದು ನೋಡಿಕೊಂಡ.